ಮೊಳೆಗೆ ತೂಗುಹಾಕಿದ ಸೀಟಿ

ನಮ್ಮ ಮನೆಯ ಹಜಾರದಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ಒಂದು ಸೀಟಿ ನೇತಾಡುತ್ತಿದೆ. ಹಿತ್ತಾಳೆಯದು, ಒಳಗಿನ ಗೋಲಿ ಸವೆದಿದೆ, ದಾರ ಮಾತ್ರ ಹೊಸದು. ಬಂಗಾರಪೇಟೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ನನ್ನೊಂದಿಗೆ ಮನೆಗೆ ಬಂದ ಏಕೈಕ ಆಯುಧವಿದು. ಈಗ ಇದರ ಅಧಿಕಾರ ನನ್ನ ಹೆಂಡತಿ ಸರೋಜಳಿಗೆ ಹಸ್ತಾಂತರವಾಗಿದೆ. ತಾರಸಿಯಲ್ಲಿ ಹಪ್ಪಳ ಒಣಗಲು ಹಾಕಿದ ಮಧ್ಯಾಹ್ನ ಕೋತಿಗಳು ಬಂದರೆ ಅವಳು ಇದನ್ನು ಊದುತ್ತಾಳೆ. ಕೋತಿಗಳು ಕ್ಷಣಕಾಲ ನಿಂತು, ಊದಿದವರ ಯೋಗ್ಯತೆಯನ್ನು ಅಳೆದು, ಮತ್ತೆ ಹಪ್ಪಳಕ್ಕೆ ಕೈಹಾಕುತ್ತವೆ. ಇಂಥ ಸ್ವತಂತ್ರ ಚಿಂತನೆಯನ್ನು ನನ್ನ ಇಡೀ ವೃತ್ತಿಜೀವನದಲ್ಲಿ ನಾನು ಒಬ್ಬನಲ್ಲಿಯೂ ಸಹಿಸಿದವನಲ್ಲ.

ಈ ಸೀಟಿಗೆ ದರ್ಪವನ್ನು ಕಲಿಸಿದ್ದು ಒಂದು ಸಿನಿಮಾ ಎಂದರೆ ನೀವು ನಗಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಶನಿವಾರ, ರಾಬರ್ಟ್‌ಸನ್‌ಪೇಟೆಯ ಟಾಕೀಸಿಗೆ ಬಂದಿದ್ದ ಹಳೆಯ ಇಂಗ್ಲಿಷ್ ಯುದ್ಧಚಿತ್ರವೊಂದಕ್ಕೆ ಹೋಗಿದ್ದೆ. ಯುದ್ಧಚಿತ್ರವೆಂಬುದು ಹೆಸರಿಗಷ್ಟೆ, ಇಂಟರ್‌ವಲ್‌ವರೆಗೆ ಅದರಲ್ಲಿ ಯುದ್ಧದ ಸುಳಿವೇ ಇರಲಿಲ್ಲ. ಸೈನ್ಯಕ್ಕೆ ಹೊಸದಾಗಿ ಸೇರಿದ ತರುಣರನ್ನು ಒಬ್ಬ ತರಬೇತುದಾರ ಬೈಯುತ್ತಾನೆ, ಓಡಿಸುತ್ತಾನೆ, ಅವರ ಹೆಸರುಗಳನ್ನು ಕಿತ್ತುಕೊಂಡು ಅಡ್ಡಹೆಸರುಗಳನ್ನು ಅಂಟಿಸುತ್ತಾನೆ. ಆ ಹೆಸರು ಕಿವಿಗೆ ಬಿದ್ದೊಡನೆ, ಯಾವ ಕೆಲಸದಲ್ಲಿದ್ದರೂ, ಇದ್ದಲ್ಲಿಯೇ ನಿಂತು, ತಿರುಗಿ, 'ಸಾರ್' ಎಂದು ಕೂಗಬೇಕು. ಚಪ್ಪಟೆ ಪಾದದ ಕಾರಣಕ್ಕೆ ಸೈನ್ಯದ ಬಾಗಿಲಿನಿಂದಲೇ ವಾಪಸು ಕಳುಹಿಸಲ್ಪಟ್ಟಿದ್ದ ನನಗೆ ಆತ ಸಾಕ್ಷಾತ್ ಗುರುವಾಗಿ ಕಂಡ. ಇಂಟರ್‌ವಲ್ ಆಗುತ್ತಲೇ ಎದ್ದು ಹೊರಟೆ. ಮಾರಿಕುಪ್ಪಂನಿಂದ ಬರುವ ಸಂಜೆಯ ರೈಲು ತಪ್ಪಿದರೆ ಬಂಗಾರಪೇಟೆಗೆ ಮರಳುವುದು ಆಗ ಕಷ್ಟವಿತ್ತು. ಹೀಗೆ ಅರ್ಧ ಸಿನಿಮಾದ ವಿದ್ಯೆಯಿಂದ ನಾನು ಪೂರ್ತಿ ಮೇಷ್ಟ್ರಾದೆ.

ಮುಂದೆ, ಭಾನುವಾರಗಳಲ್ಲಿ, ಸೈನ್ಯಕ್ಕೆ ಸೇರಬಯಸುವ ತರುಣರಿಗೆ ಉಚಿತ ತರಬೇತಿ ಶುರುಮಾಡಿದೆ. ಉಚಿತ ಎಂಬ ಒಂದೇ ಗುಣದಿಂದ ನನ್ನ ಬೈಗುಳಗಳೆಲ್ಲ ಸಮಾಜಸೇವೆಯಾಗಿ ಪರಿಗಣಿತವಾದವು. ರಾಬರ್ಟ್‌ಸನ್‌ಪೇಟೆಯ ಪಕ್ಕದಲ್ಲಿ, ಗಣಿಯ ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಸುರಿದ ಹುಡಿ ಗುಡ್ಡವಾಗಿ ನಿಂತಿದೆಯಲ್ಲ, ನಮ್ಮವರು ಸೈನೇಡ್ ದಿಬ್ಬ ಎನ್ನುವುದು, ಅದರ ಇಳಿಜಾರೇ ನಮ್ಮ ಕವಾಯತು ಮೈದಾನ. ಹುಡಿಯಲ್ಲಿ ಕಾಲು ಹೂತು, ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತಿತ್ತು. ಓಟದಲ್ಲಿ ಕೊನೆಯವನಾದವನಿಗೆ ಒಂದು ಶಿಕ್ಷೆಯನ್ನೂ ಕಂಡುಹಿಡಿದೆ. ಮನೆಗೆ ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ರುಬ್ಬುಗುಂಡನ್ನು ಗೋಣಿಚೀಲದಲ್ಲಿ ಕಟ್ಟಿ, ಟಿಕೆಟ್ಟಿಲ್ಲದ ಪ್ರಯಾಣಿಕನಂತೆ ಮೊದಲ ರೈಲಿನಲ್ಲಿ ಒಯ್ದೆ. ಕೊನೆಯವನು ಅದನ್ನು ಹೊತ್ತು ದಿಬ್ಬ ಹತ್ತಬೇಕು.

ಬೂದಿಕೋಟೆಯ ಕಡೆಯಿಂದ ಬರುತ್ತಿದ್ದ ಒಬ್ಬ ತರುಣ ಸತತವಾಗಿ ಎಂಟು ಭಾನುವಾರ ಅದನ್ನು ಹೊತ್ತ. ಕುಳ್ಳಗೆ, ದುಂಡಗೆ ಇದ್ದ. ಅವನಿಗೆ ಆ ಕಲ್ಲಿನ ಹೆಸರನ್ನೇ ಇಟ್ಟೆ. ಸೀಟಿ ಊದಿ ಆ ಹೆಸರು ಕರೆದರೆ, ಸಿನಿಮಾದಲ್ಲಿದ್ದಂತೆಯೇ, ಇದ್ದಲ್ಲಿ ನಿಂತು 'ಸಾರ್' ಎನ್ನಬೇಕು. ಅವನ ತಾಯಿ ಕೂಲಿಗೆ ಹೊರಡುವ ಮುನ್ನವೇ ಎದ್ದು ಮುದ್ದೆ ಕಟ್ಟಿಕೊಡುತ್ತಿದ್ದಳು. ಒಮ್ಮೆ ಶಾಲೆಯವರೆಗೂ ಬಂದು, ಗೇಟಿನ ಆಚೆಯೇ ನಿಂತು, "ಇವ್ನೊಬ್ಬ ಮಿಲಿಟ್ರಿಗೆ ಸೇರ್ಕಂಡ್ರೆ ನಮ್ ಮನೆ ನಿಂತ್ಕಂತದೆ ಸಾ, ಎಂಗಾನ ಮಾಡಿ ಓಡೋದು ಕಲ್ಸ್‌ಬುಡಿ" ಎಂದಿದ್ದಳು. ಕಲಿಸಿದೆ. ಒಂಬತ್ತನೆಯ ಭಾನುವಾರ ಅವನು ಕೊನೆಯವನಾಗಲಿಲ್ಲ. ಹನ್ನೆರಡನೆಯ ಭಾನುವಾರ ಮೊದಲಿಗನಾದ. ಆದರೂ ಹೆಸರು ಬದಲಿಸಲಿಲ್ಲ, ಏಕೆಂದರೆ ಅದು ನನ್ನ ಪ್ರತಿಭೆಯ ಸೃಷ್ಟಿಯಾಗಿತ್ತು ಮತ್ತು ಎಲ್ಲರೂ ಅದಕ್ಕೆ ನಗುತ್ತಿದ್ದರು.

ಸೈನ್ಯದ ಭರ್ತಿಯ ದಿನ ಬಂತು. ವಯಸ್ಸಿನ ಮಿತಿಯಿಂದಾಗಿ ಅವನಿಗೆ ಅದೇ ಕೊನೆಯ ಅವಕಾಶ. ಎದೆಯ ಮೇಲೆ ಸಂಖ್ಯೆ ಬರೆಸಿಕೊಂಡ ನೂರಾರು ತರುಣರ ನಡುವೆ ಅವನು ಹೊರಟ. ಮೂರು ಸುತ್ತು ಮುಗಿಯುವಷ್ಟರಲ್ಲಿ ಮುಂದಿನ ಗುಂಪಿನಲ್ಲಿದ್ದ. ಬೇಲಿಯ ಹೊರಗೆ ನಿಂತಿದ್ದ ನನಗೆ ಆನಂದ ತಡೆಯಲಾಗಲಿಲ್ಲ. ಕೊನೆಯ ಸುತ್ತಿನ ತಿರುವಿನಲ್ಲಿ, ಅವನನ್ನು ಹುರಿದುಂಬಿಸಲೆಂದೇ, ಒಮ್ಮೆ ಸೀಟಿ ಊದಿ, ಎದೆ ಬಿರಿಯುವಂತೆ "ರುಬ್ಬುಗುಂಡೂ!" ಎಂದು ಕೂಗಿದೆ. ಅವನು ನಿಂತ. ಓಡುತ್ತಿದ್ದವನು ಇದ್ದಲ್ಲಿಯೇ ನಿಂತು, ನನ್ನ ಕಡೆಗೆ ತಿರುಗಿ, ಹಿಮ್ಮಡಿ ಜೋಡಿಸಿ, "ಸಾರ್" ಎಂದು ಕೂಗಿದ. ಬೇಲಿಯುದ್ದಕ್ಕೂ ನಗೆ ಹಬ್ಬಿತು. ಓಡು ಎಂದು ನಾನು ಕೈಬೀಸುವಷ್ಟರಲ್ಲಿ ಹಿಂದಿನವರೆಲ್ಲ ಅವನನ್ನು ದಾಟಿ ಹೋಗಿದ್ದರು. ಬೇಕಾದಷ್ಟು ಮಂದಿ ಗೆರೆ ದಾಟಿದೊಡನೆ ಉಳಿದವರನ್ನು ತಡೆಯಲು ಹಿಡಿಯುವ ಹಗ್ಗ, ಅವನು ಮುಟ್ಟುವ ಮುನ್ನವೇ ಅಡ್ಡ ಬಂತು. ಆಮೇಲೆ ನನ್ನ ಬಳಿ ಬಂದು, ಏದುಸಿರು ಬಿಡುತ್ತ, "ನೀವ್ ಕರುದ್ರಲ್ಲ ಸಾ" ಎಂದಷ್ಟೇ ಹೇಳಿದ. ನಾನು ಅದೃಷ್ಟದ ಬಗ್ಗೆ ಏನೋ ಉಪದೇಶ ಮಾಡಿದ ನೆನಪು.

ಅವನೀಗ ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣದ ಹತ್ತಿರ ಪಾನಿಪುರಿ ಗಾಡಿ ಇಟ್ಟಿದ್ದಾನೆ. ಅಂದು ಜೊತೆಗೆ ಓಡಿದವರು ಊರಿಗೆ ಒಯ್ದ ಹೆಸರು ಅವನಿಗಿಂತ ಮೊದಲೇ ಪೇಟೆ ತಲುಪಿತ್ತು. ಗಾಡಿಯ ಹಣೆಯ ಮೇಲೆ ಕೆಂಪು ಅಕ್ಷರಗಳಲ್ಲಿ 'ರುಬ್ಬುಗುಂಡು ಚಾಟ್ಸ್' ಎಂದಿದೆ. ಇಷ್ಟು ವರ್ಷ ಅದನ್ನು ನೋಡಿದಾಗಲೆಲ್ಲ, ಹೇಳಲು ನಾಚಿಕೆಯಾಗುತ್ತದೆ, ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ನಾಮಕರಣ ಮಾಡಿದವನು ನಾನಲ್ಲವೇ?

ಕಳೆದ ತಿಂಗಳು ಮಗಳು ಟೀವಿಯಲ್ಲಿ ಅದೇ ಸಿನಿಮಾ ಹುಡುಕಿಕೊಟ್ಟಳು. ಉಳಿದರ್ಧವನ್ನು ಕಡೆಗೂ ನೋಡಿದೆ. ತರಬೇತಿಯ ಕೊನೆಯ ದಿನ ಆ ತರಬೇತುದಾರ ಒಬ್ಬೊಬ್ಬರನ್ನೇ ಕರೆದು ಕಳುಹಿಸಿಕೊಡಬೇಕು. ತಾನು ಅತಿ ಹೆಚ್ಚು ಗೋಳುಹೊಯ್ದುಕೊಂಡಿದ್ದ ತರುಣ ಎದುರಿಗೆ ಬಂದಾಗ ಅವನ ನಿಜವಾದ ಹೆಸರು ತಿಳಿಯದೆ, ಕನ್ನಡಕ ಹಾಕಿಕೊಂಡು ಕಾಗದದಲ್ಲಿ ಹುಡುಕುತ್ತಾನೆ. ಅಷ್ಟೇ ದೃಶ್ಯ. ನಾನು ನನ್ನವನ ಹೆಸರನ್ನು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಮೊದಲ ಭಾನುವಾರ ಅವನು ಹೇಳಿದ್ದ, ನಾನೇ ಹಾಜರಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಆಮೇಲೆ ಹೊಡೆದುಹಾಕಿ ಕಲ್ಲಿನ ಹೆಸರು ಬರೆದಿದ್ದೆ. ಆ ಪುಸ್ತಕ ಎಂದೋ ರದ್ದಿಗೆ ಹೋಗಿತ್ತು. ಸರೋಜಳನ್ನು ಕೇಳಿದರೆ, "ನಮ್ಮ ಕಲ್ಲು ಹೊತ್ಕೊಂಡು ಹೋಗ್ತಿದ್ದ ಹುಡುಗ ತಾನೇ? ಆ ಕಲ್ಲಾದ್ರೂ ವಾಪಸ್ ತರಲಿಲ್ಲ ನೀವು" ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ರೈಲು ಹತ್ತಿದೆ. ಕ್ಷಮೆ ಕೇಳಬೇಕು, ಆದರೆ ಏನೆಂದು ಕರೆದು ಕೇಳುವುದು? ಮೊದಲು ಪಕ್ಕದ ಹೂವಿನಂಗಡಿಯಾಕೆಯನ್ನು ವಿಚಾರಿಸಿದೆ. ಆಕೆ ದಾರ ಕಚ್ಚಿಕೊಂಡೇ, ಹೆಸರು ತನಗೂ ಗೊತ್ತಿಲ್ಲವೆಂದು ತಮಿಳು ಬೆರೆಸಿ, "ಪೇರಾ? ತೆರಿಯಾದು ಸಾರ್, ಎಲ್ಲಾರೂ ಗುಂಡು ಗುಂಡು ಅಂತಾರೆ" ಎಂದಳು. ಎದುರಿನ ಆಟೋದವನಿಗೂ ಗೊತ್ತಿರಲಿಲ್ಲ. ಕೊನೆಗೆ ಗಾಡಿಯ ಮುಂದೆಯೇ ನಿಂತೆ. ತಲೆ ನರೆತಿದ್ದವನು ನನ್ನನ್ನು ಕಂಡೊಡನೆ ಹಿಮ್ಮಡಿ ಜೋಡಿಸಿದ, ಆಮೇಲೆ ತಾನೇ ನಕ್ಕ. ಬಣ್ಣವಿಲ್ಲದ ನಮ್ಮ ಬಂಗಾರಪೇಟೆ ಪಾನಿ ತುಂಬಿದ ಆರು ಪುರಿಗಳನ್ನು ಒಂದೊಂದಾಗಿ ಕೊಟ್ಟ. ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರದ ನೆಪ ಸಿಕ್ಕಿತು. ಗಿರಾಕಿಗಳು ಕರಗಿದ ಮೇಲೆ, "ತಪ್ಪಾಯ್ತಪ್ಪ. ನಿನ್ನ ಹೆಸರೇ ಮರೆತುಹೋಗಿದೆ. ಹೇಳು" ಎಂದೆ.

ಅವನು ಕೈ ಒರೆಸಿಕೊಂಡ. ಕೋಪ ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಬ್ಯಾಡ ಬುಡಿ ಸಾ," ಎಂದ. "ನಮ್ಮಮ್ಮ ಇರೋಗಂಟ ಆ ಎಸ್ರು ಇಡ್ದು ಕರೀತಿದ್ಲು. ಈಗ ನನ್ ಎಂಡ್ರು ಒಬ್ಳು ಕರೀತಾಳೆ. ನಿಮ್ ಬಾಯಿಗೆ ಬೀಳ್ದಂಗೆ ಉಳ್ಕಂಡಿರೋದು ಅದೊಂದೇ. ಉಳ್ಕಳ್ಲಿ. ನೀವು ಬೋರ್ಡ್‌ನಾಗಿರೋದ್ನೇ ಕರೀರಿ, ನಂಗೇನೂ ಬ್ಯಾಜಾರಿಲ್ಲ." ಆಮೇಲೆ ತಟ್ಟೆ ತೊಳೆಯುತ್ತ, "ಮಾರಿಕುಪ್ಪಂ ಗಾಡಿ ಬರೋ ಟೈಮಾಯ್ತು, ಬಿರ್‍ನೆ ಓಡಿ ಸಾ" ಎಂದ.

ನನ್ನ ಚಪ್ಪಟೆ ಪಾದಗಳಲ್ಲಿ ಸಾಧ್ಯವಾದಷ್ಟು ಓಡಿದೆ. ಹಿಂದಿನಿಂದ ಯಾರೂ ನನ್ನನ್ನು ಕರೆಯಲಿಲ್ಲ.

ಇವತ್ತು ಮಧ್ಯಾಹ್ನ ಮತ್ತೆ ಕೋತಿಗಳು ಬಂದವು. ಸರೋಜ ಅಡಿಗೆಮನೆಯಿಂದಲೇ, "ಆ ವಿಷಲ್ ಊದ್ರಿ, ಹಪ್ಪಳ ಎಲ್ಲ ಹೋಯ್ತು" ಎಂದು ಕೂಗಿದಳು. ಮೊಳೆಯಿಂದ ಸೀಟಿಯನ್ನು ತೆಗೆದು ತುಟಿಯವರೆಗೆ ಒಯ್ದೆ. ಮತ್ತೆ ಅಲ್ಲೇ ತೂಗುಹಾಕಿ, ಟವೆಲು ಬೀಸುತ್ತ ತಾರಸಿಗೆ ಹೋದೆ. ಕೋತಿಗಳಿಗೆ ಅದರ ಭಯವಿಲ್ಲ. ನನಗಿದೆ: ಊದಿದರೆ ಎಲ್ಲಿಯೋ ಓಡುತ್ತಿರುವ ಒಬ್ಬ ನಿಂತು, ಇತ್ತ ತಿರುಗಿಬಿಡುತ್ತಾನೆ.