ನೆಟ್ಟಗೆ ನಿಲ್ಲದ ಡ್ರಿಲ್ ಮೇಡಂ

ಪರರ ಬೆನ್ನನ್ನು ನೆಟ್ಟಗಿಡುವುದೇ ನನ್ನ ಉದ್ಯೋಗ. ಹೊಸದುರ್ಗ ತಾಲ್ಲೂಕಿನಲ್ಲಿ, ಮಾಡದಕೆರೆ ಕಡೆಯ ಒಂದು ಹೈಸ್ಕೂಲಿಗೆ ನಾನು ಇಪ್ಪತ್ತು ವರ್ಷದಿಂದ ಡ್ರಿಲ್ ಮೇಡಂ. "ಎದೆ ಮುಂದೆ, ಹೊಟ್ಟೆ ಒಳಗೆ, ಬೆನ್ನು ನೆಟ್ಟಗೆ!" ಎಂದು ಕೂಗಿದರೆ ಮೈದಾನದ ಪಕ್ಕದ ಹೊಲದಲ್ಲಿ ಕಳೆ ಕೀಳುವವರೂ ಒಮ್ಮೆ ಸೊಂಟ ಎತ್ತಿ ನಿಲ್ಲುತ್ತಾರೆ. ನನ್ನ ಮಾತು ಕೇಳದ ಬೆನ್ನು ಆ ಊರಿನಲ್ಲಿ ಒಂದೇ ಒಂದು. ಅದು ನನ್ನದು.

ಅದು ಮೊದಲ ಸಲ ತಿರುಗಿಬಿದ್ದದ್ದು ಒಂಬತ್ತನೇ ತರಗತಿಯ ಎದುರಿಗೆ. "ನಾನು ಮಾಡಿದಂಗೆ ಮಾಡ್ರಿ" ಎಂದು ಹೇಳಿ, ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಿದೆ. ಮುಟ್ಟಿದ್ದೇನೋ ಸರಿ, ಏಳಲಾಗಲಿಲ್ಲ. ಸೊಂಟಕ್ಕೆ ಯಾರೋ ಒಳಗಿನಿಂದ ಚಿಲಕ ಹಾಕಿದಂತಾಯಿತು. ನಾನು ಬೆಳೆಸಿದ ಶಿಸ್ತಿನ ಮಕ್ಕಳಲ್ಲವೇ, ನಲವತ್ತು ಮಂದಿಯೂ ನನ್ನ ಜೊತೆ ಬಗ್ಗಿಯೇ ನಿಂತರು. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ತಲೆಕೆಳಗಾಗಿಯೇ ಕೇಳಿದಳು: "ಇನ್ನೂ ಎಷ್ಟೊತ್ತು ಐತ್ರಿ ಮೇಡಂ?"

"ಸುಮ್ನಿರೇ, ಖೋ-ಖೋ ಗೆರೆ ಸರಿ ಐತಾ ನೋಡ್ತಿದೀನಿ" ಎಂದೆ. ಸುಣ್ಣ ಎಳೆದು ತಿಂಗಳಾಗಿತ್ತು. ಅಲ್ಲಿ ಗೆರೆಯೇ ಇರಲಿಲ್ಲ.

ಅಂದಿನಿಂದ ನೋವನ್ನು ಬಚ್ಚಿಡುವುದೇ ನನ್ನ ವ್ಯಾಯಾಮವಾಯಿತು. ಕೂರಲಾಗದೆ ಸ್ಟಾಫ್ ರೂಮಿನಲ್ಲಿ ನಿಂತಿದ್ದರೆ, "ಎಷ್ಟು ಚುರುಕು ನೋಡ್ರಿ" ಎಂದು ಉಳಿದವರು ಮೆಚ್ಚಿಕೊಂಡರು. ನಾನೂ ಮೆಚ್ಚಿಸಿಕೊಂಡೆ. ಗುಟ್ಟು ನಿಲ್ಲದಿದ್ದದ್ದು ಮನೆಯಲ್ಲಿ ಮಾತ್ರ. ನಮ್ಮ ಯಜಮಾನರಿಗೆ ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ. ಅಲ್ಲಿಗೆ ಬಂದವರನ್ನೆಲ್ಲ ವಿಚಾರಿಸಿ ದಿನಕ್ಕೊಂದು ಔಷಧ ಹೊತ್ತು ತಂದರು. ಉಪ್ಪಿನ ಶಾಖ ಆಯಿತು, ಹರಳೆಣ್ಣೆ ಆಯಿತು, ಹಾಸಿಗೆ ಬಿಟ್ಟು ಹಲಗೆಯ ಮೇಲೆ ಮಲಗಿದ್ದೂ ಆಯಿತು. ಒಂದು ದಿನ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ಕರೆದು, "ನಿಮ್ ಚಪ್ಲಿ ಅಲ್ಲೇ ಬಿದ್ದೈತಲ್ಲಮ್ಮ" ಎಂದರು. ನೋಡಿದರೆ ಎಡಗಾಲು ಬರಿಗಾಲು. ಚಪ್ಪಲಿ ಕಳಚಿದ್ದು ಕಾಲಿಗೇ ತಿಳಿದಿರಲಿಲ್ಲ. ಆ ದಿನ ನಿಜಕ್ಕೂ ಹೆದರಿದೆ. ಓಡಿಸುವುದೇ ಕೆಲಸವಾದವಳ ಕಾಲು ಹೋದರೆ ಉಳಿಯುವುದೇನು?

ಚಿತ್ರದುರ್ಗದ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಎರಡು ಮೂಳೆಗಳ ನಡುವಿನ ಮೆತ್ತೆ ಉಬ್ಬಿ ನರವನ್ನು ಒತ್ತುತ್ತಿದೆ ಎಂದರು. "ಕಾಲಿನ ಶಕ್ತಿ ಹೋಗಿಲ್ಲ, ಆಪರೇಷನ್ ಈಗ್ಲೇ ಬೇಡ. ಬೆನ್ನು ಜಗ್ಗೋ ಮಿಷನ್ ಐತೆ, ಜೊತೆಗೆ ವ್ಯಾಯಾಮ. ವ್ಯಾಯಾಮ ಮಾಡಿ ಅಭ್ಯಾಸ ಐತಾ?"

"ಸ್ವಲ್ಪ ಸ್ವಲ್ಪ" ಎಂದೆ, ನೆಲ ನೋಡುತ್ತಾ.

ಬೆನ್ನುಹುರಿಯ ಸುತ್ತ ಮೂವತ್ತಮೂರು ಮೂಳೆಗಳೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಅವುಗಳಲ್ಲಿ ಎರಡರ ಜಗಳ ಬಿಡಿಸಲು ಆ ಮಿಷನ್ನಿನ ಮಂಚದ ಮೇಲೆ ಮಲಗಬೇಕಾಯಿತು. ಪಕ್ಕೆಗೊಂದು, ಸೊಂಟಕ್ಕೊಂದು ಬೆಲ್ಟು. ಮಿಷನ್ ಮೆಲ್ಲಗೆ ಜಗ್ಗುತ್ತದೆ, ಸ್ವಲ್ಪ ಹೊತ್ತು ಹಿಡಿದು ಬಿಡುತ್ತದೆ. ಅದನ್ನು ನಡೆಸುವ ತೆಳ್ಳನೆಯ ಫಿಸಿಯೋ ಹುಡುಗಿ ಮೊದಲ ದಿನವೇ ನನ್ನ ವಿದ್ಯೆಯನ್ನು ಅಳೆದುಬಿಟ್ಟಳು. "ಉಸಿರು ಬಿಡ್ರಿ ಮೇಡಂ. ನೀವು ಮಿಷನ್ ಜೊತೆ ಹಗ್ಗ ಜಗ್ಗಾಟಕ್ಕೆ ನಿಂತಂಗೈತೆ." ಅವಳು ಅರ್ಧ ಗಂಟೆ ಬಿಡಿಸಿ ಕಳಿಸಿದ್ದನ್ನು ವಾಪಸು ಬರುವಾಗ ಹೊಳಲ್ಕೆರೆ ದಾರಿಯ ಹಂಪುಗಳು ಒಂದೊಂದಾಗಿ ಮತ್ತೆ ಕೂಡಿಸುತ್ತಿದ್ದವು.

ಪಕ್ಕದ ಮಂಚದಲ್ಲಿ ಬಾಗೂರಿನ ಗೌರಮ್ಮ ಇದ್ದರು. ಕುರಿ ಕಾಯುವವರು, ಅರವತ್ತರ ಮೇಲಾಗಿತ್ತು. ಮೂರನೆಯ ದಿನ ಕೇಳಿದರು: "ಏನ್ ಕೆಲ್ಸ ಮಾಡ್ತೀಯವ್ವ?"

"ಬೆನ್ನು ನೆಟ್ಟಗೆ ಇಟ್ಕಳಾದು ಹೆಂಗೆ ಅಂತ ಹುಡುಗ್ರಿಗೆ ಹೇಳ್ಕೊಡ್ತೀನಿ."

ಅವರು ಬೆಲ್ಟಿನೊಳಗೇ ಕುಲುಕಾಡಿ ನಕ್ಕರು. "ನಗುಸ್ಬ್ಯಾಡವ್ವ, ಜಗ್ತೈತೆ!" ನಗು ಇಳಿದ ಮೇಲೆ, "ಹುಡುಗ್ರಿಗೆ ಗೊತ್ತೈತಾ ನಿನ್ ನೋವು?" ಎಂದರು.

"ಇಲ್ಲ. ಹೇಳಿದ್ರೆ ಆಮೇಲೆ ನನ್ ಮಾತು ಯಾರು ಕೇಳ್ತಾರೆ?"

"ಮೂರು ವರ್ಸದಿಂದ ನಾನು ಕುರಿ ಹಿಂದೆ ಕುಂಟ್ತಾ ಹೋಗ್ತೀನಿ. ಒಂದೂ ಬಿಟ್ಟೋಗಿಲ್ಲ. ಮುಂದೆ ಹೋದವು ನಿಂತ್ಕಂಡು ತಿರುಗಿ ನೋಡ್ತವೆ. ನಿನ್ ಹುಡುಗ್ರು ಕುರಿಗಿಂತ ಕಡೆಯೇನವ್ವ?"

ಹಿಡಿದಿಟ್ಟಿದ್ದ ಉಸಿರು ಬಿಟ್ಟೆ. ಫಿಸಿಯೋ ಹುಡುಗಿ, "ಹಾಂ, ಈಗ ಸರಿ" ಎಂದಳು.

ಸೋಮವಾರ ಮೈದಾನದಲ್ಲಿ ಒಂಬತ್ತನೇ ತರಗತಿಯನ್ನು ಸಾಲಾಗಿ ನಿಲ್ಲಿಸಿದೆ. "ನನಗೆ ಬೆನ್ನು ನೋವು ಐತೆ. ಇನ್ಮೇಲೆ ಬಗ್ಗಿ ತೋರ್ಸಕ್ಕಾಗಲ್ಲ" ಎಂದು ಒಂದೇ ಉಸಿರಿಗೆ ಹೇಳಿದೆ. ಯಾರೂ ನಗಲಿಲ್ಲ. ಒಬ್ಬಳು ಕೈ ಎತ್ತಿ, "ನಮ್ಮವ್ವಗೂ ಐತೆ ಮೇಡಂ, ಕಳೆ ತೆಗ್ದೂ ತೆಗ್ದೂ" ಎಂದಳು. ಇನ್ನೊಬ್ಬನ ಅಪ್ಪನಿಗೆ ಟ್ರ್ಯಾಕ್ಟರಿನಿಂದ ಬಂದಿತ್ತು. ಮತ್ತೊಬ್ಬಳ ಅಜ್ಜಿ ಗೋಡೆ ಹಿಡಿದೇ ನಡೆಯುತ್ತಿದ್ದರು. ನೋಡನೋಡುತ್ತಿದ್ದಂತೆ ಅರ್ಧ ತರಗತಿಯ ಕೈ ಮೇಲಿತ್ತು. ಇಪ್ಪತ್ತು ವರ್ಷ ಆ ಮನೆಗಳ ಮಕ್ಕಳಿಗೆ ಕೂಗಿದ್ದೇನೆ. ಮನೆಯಲ್ಲಿ ಯಾರ ಸೊಂಟ ಹೇಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. "ನಿಮಗೆ ಡಾಕ್ಟ್ರು ಹೇಳಿದ ವ್ಯಾಯಾಮ ನಮಗೂ ಹೇಳ್ಕೊಡ್ರಿ, ಮನೇಲಿ ಮಾಡಿಸ್ತೀವಿ" ಎಂದು ಮಕ್ಕಳೇ ಕೇಳಿದರು. ನೋವು ಕಾಲಿಗಿಳಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಬೇಕೆಂದು ಎಚ್ಚರಿಸಿ, ಅಂಗಾತ ಮಲಗಿ ಮೊಣಕಾಲು ಮಡಿಸುವ ಸುಲಭದ್ದನ್ನು ಕಲಿಸಿದೆ.

ಈಗ ಎಡಗಾಲಿನ ಜೋಮು ಹೋಗಿದೆ. ನೋವು ಪೂರ್ತಿ ಹೋಗಿಲ್ಲ; ಮನೆಗೆ ಬಂದು ಉಳಿದುಬಿಟ್ಟ ನೆಂಟರಂತೆ ಇದೆ, ಅದರ ಊಟದ ಹೊತ್ತು ನನಗೆ ಗೊತ್ತು. ಮೊನ್ನೆ ಒಬ್ಬ ತಾಯಿ ಶಾಲೆಗೆ ಬಂದರು. "ನಮ್ ಹುಡುಗಿ ದಿನಾ ಸಾಯಂಕಾಲ ನನ್ನ ಮಲಗ್ಸಿ, ಕಾಲು ಮಡಚು ಅಂತ ಗದರಿಸ್ತಾಳೆ ಮೇಡಂ."

"ನೋವು ಕಮ್ಮಿ ಆಗೈತಾ?" ಎಂದೆ, ಆಸೆಯಿಂದ.

"ನೋವು ಹಂಗೇ ಐತೆ ಬಿಡ್ರಿ. ಮದುವೆಯಾದಾಗಿಂದ ಇಳಿಹೊತ್ನಾಗೆ ಹತ್ತು ನಿಮಿಷ ಮಲಗಿದ್ದು ಇದೇ ಮೊದಲು. ನಿಲ್ಸು ಅಂತ ಮಾತ್ರ ಅವಳಿಗೆ ಹೇಳ್ಬ್ಯಾಡ್ರಿ."

ಡಾಕ್ಟರ ಡಿಗ್ರಿ ನನಗಿಲ್ಲ. ಆದರೂ ಅಲ್ಲೇ ಒಂದು ಚೀಟಿ ಹರಿದು, 'ದಿನಕ್ಕೆ ಎರಡು ಸಲ' ಎಂದು ಬರೆದು ಸಹಿ ಹಾಕಿ ಕೊಟ್ಟೆ.