ಹತ್ತೊಂಬತ್ತನೇ ಸಾಲಿನ ಕಿಟಕಿ ಸೀಟು

ನಾಗಪುರದ ಬಜಾಜ್ ನಗರದ ನಮ್ಮ ಶುಕ್ರವಾರದ ಭಜನೆಗೆ ಬರುವ ಅಕ್ಕತಂಗಿಯರೇ, ನಿಮ್ಮಲ್ಲಿ ಕೆಲವರಿಗೆ ಈ ಸಂಗತಿ ಅರ್ಧ ಗೊತ್ತು. ಪ್ರಸಾದ ಹಂಚುವಾಗ ಹೇಳಲು ಹೋಗಿ ಅತ್ತುಬಿಟ್ಟಿದ್ದೆ, ನೀವೂ ಹೆಚ್ಚು ಕೇಳಲಿಲ್ಲ. ಉಳಿದರ್ಧ ಬರೆದು ಕೊಡುತ್ತೇನೆ ಅಂದಿದ್ದೆ. ಇದು ಬಾದಾಮಿಯ ಬನಶಂಕರಿ ತಾಯಿ ನನಗೆ ವಿಮಾನದಲ್ಲಿ ಒಂದು ಸೀಟು ಕೊಡಿಸಿದ ಕಥೆ. ಸೀಟಿಗಾಗಿ ಯಾರಾದರೂ ದೇವಿಯನ್ನು ಕಾಡುತ್ತಾರೆಯೇ ಎಂದು ನಗುವವರು ನಗಲಿ. ಆ ದಿನ ನನಗೆ ಬೇರೇನೂ ಬೇಕಿರಲಿಲ್ಲ.

ನಮ್ಮ ಗೌರಿ ಮನೆಗೆ ಬಂದದ್ದು ಕಳೆದ ವರ್ಷದ ಫಾಲ್ಗುಣದಲ್ಲಿ. ಆಗ ಅವಳಿಗೆ ನಾಲ್ಕೂವರೆ ವರ್ಷ. ಮದುವೆಯಾಗಿ ಹದಿನಾಲ್ಕು ವರ್ಷ ನಾನು ಧಂತೋಲಿಯ ಆಸ್ಪತ್ರೆಗಳ ಬೆಂಚು ಸವೆಸಿದ್ದೆ. ಕೊನೆಗೆ ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದೆವು, ಮೂರು ವರ್ಷ ಕಾದೆವು. ಅರ್ಜಿ ಹಾಕಿದ ದಿನವೇ ನಮ್ಮ ಮನೆದೇವರಿಗೆ ಹರಕೆ ಹೊತ್ತಿದ್ದೆ: "ತಾಯಿ, ಮಗು ಬಂದರೆ ನಿನ್ನ ಎದುರಿಗೆ ತೊಡೆಯ ಮೇಲೆ ಕೂಡಿಸಿಕೊಂಡು ಉಡಿ ತುಂಬಿಸಿಕೊಳ್ಳುತ್ತೇನೆ." ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗೊಡ್ಡಿದರೆ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ ಹಾಕಿ ಹರಸುತ್ತಾರೆ. ನಮ್ಮ ಕಡೆ ಅದಾಗದೆ ತಾಯ್ತನ ಪೂರ್ತಿ ಆದಂತಲ್ಲ.

ಹರಕೆ ಹೊರುವಾಗ ನನಗೆ ಒಂದು ಗೊತ್ತಿರಲಿಲ್ಲ. ಮಗು ಮನೆಗೆ ಬರುವುದು ಬೇರೆ, ತೊಡೆಗೆ ಬರುವುದು ಬೇರೆ.

ಗೌರಿ ಯಾರಿಗೂ ತ್ರಾಸು ಕೊಡುವ ಮಗು ಅಲ್ಲ. ಹಾಕಿದ್ದನ್ನು ಉಣ್ಣುತ್ತಿದ್ದಳು, ಮಲಗಿಸಿದಲ್ಲಿ ಮಲಗುತ್ತಿದ್ದಳು. ಹಠವಿಲ್ಲ, ಅಳುವಿಲ್ಲ. "ಎಷ್ಟು ಶಾಣ್ಯಾ ಕೂಸ ಐತಿ, ನಿನ್ನ ಪುಣ್ಯ" ಎಂದು ನೀವೇ ಎಷ್ಟು ಸಲ ಅಂದಿಲ್ಲ? ಆದರೆ ಅವಳು ನನ್ನನ್ನು ಕರೆಯುತ್ತಿದ್ದದ್ದು ಮಾವಶಿ ಎಂದು, ಮರಾಠಿಯಲ್ಲಿ ಚಿಕ್ಕಮ್ಮ. ಆಶ್ರಮದಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸರೆಲ್ಲ ಅವಳಿಗೆ ಮಾವಶಿಯರೇ. ನಾನೂ ಇನ್ನೊಬ್ಬ ಮಾವಶಿ, ಅಷ್ಟೇ. ನಮ್ಮ ಮನೆಯವರು ಕಾಕಾ. ಪಕ್ಕದ ಮನೆಯವರು ಬಾ ಅಂದರೆ ಅವರ ಕೈಯನ್ನೂ ಹಿಡಿದು ಹೋಗುತ್ತಿದ್ದಳು. ಶಾಲೆಯ ಮೊದಲ ದಿನ ಬೇರೆ ಮಕ್ಕಳು ತಾಯಿಯ ಸೆರಗು ಬಿಡದೆ ಅಳುತ್ತಿದ್ದರೆ, ನನ್ನವಳು ಟೀಚರ ಜೊತೆ ಸೀದಾ ಒಳಗೆ ನಡೆದಳು, ತಿರುಗಿಯೂ ನೋಡಲಿಲ್ಲ. ಆ ದಿನ ಗೇಟಿನ ಹೊರಗೆ ಅತ್ತವಳು ನಾನು. ನಾನೇ ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಗಣಿತ ಕಲಿಸುವವಳು, ಅಳುವ ತಾಯಂದಿರನ್ನು ಗದರಿಸಿ ಮನೆಗೆ ಕಳಿಸಿದವಳು.

ಅವಳು ಹೆದರುತ್ತಿದ್ದದ್ದು ಒಂದಕ್ಕೇ. ಯಾವುದೋ ಊರಿನ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಅವಳನ್ನು ಬಿಟ್ಟು ಹೋಗಿದ್ದರು. ಆಗ ಅವಳಿಗೆ ಎರಡು ವರ್ಷವೂ ಆಗಿರಲಿಲ್ಲ. ನಮ್ಮ ಮನೆಯವರು ರೈಲ್ವೆ ರಿಸರ್ವೇಶನ್ ಕಚೇರಿಯಲ್ಲಿ ಕೆಲಸ ಮಾಡುವವರು. ಮಗಳಿಗೆ ಆಫೀಸು ತೋರಿಸುವ ಆಸೆಯಿಂದ ಒಂದು ಭಾನುವಾರ ಸ್ಟೇಶನ್ನಿಗೆ ಕರೆದುಕೊಂಡು ಹೋದರು, ನಾನೂ ಇದ್ದೆ. ಪ್ರಕಟಣೆಗೆ ಮುಂಚೆ ಸ್ಪೀಕರಿನಲ್ಲಿ ಟಿಂಗ್-ಟಾಂಗ್ ಅಂದಿತು ನೋಡಿ, ಅವಳು ಓಡಿ ಹೋಗಿ ಒಂದು ಕಬ್ಬಿಣದ ಕಂಬವನ್ನು ಅಪ್ಪಿಕೊಂಡಳು. ಬೆರಳು ಬಿಡಿಸಲು ಮೂವರು ಬೇಕಾಯಿತು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನಾನಿರುವಾಗ ಅವಳು ಕಂಬವನ್ನು ಹಿಡಿದಳು. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಮನೆ ತುಂಬ ರೈಲ್ವೆ ಪಾಸಿದ್ದರೂ ಹರಕೆ ತೀರಿಸಲು ನಾವು ವಿಮಾನ ಹತ್ತಬೇಕಾಯಿತು. ಬೆಂಗಳೂರಿನವರೆಗೆ ವಿಮಾನ, ಅಲ್ಲಿಂದ ನನ್ನ ತಮ್ಮನ ಕಾರಿನಲ್ಲಿ ಬಾದಾಮಿ. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ, ಹೊರಟವರು ನಾನು ಮತ್ತು ಗೌರಿ. ಇಬ್ಬರಿಗೂ ಮೊದಲ ವಿಮಾನ. ಕಾರ್ತಿಕದ ಗುರುವಾರ ಹೊರಟು ಶುಕ್ರವಾರ ತಾಯಿಯ ದರ್ಶನ ಎಂದು ಲೆಕ್ಕ ಹಾಕಿದ್ದೆ.

ಇಲ್ಲಿ ನಮ್ಮ ಮನೆಯವರ ಜಾಣತನ ಹೇಳಲೇಬೇಕು. ವಿಮಾನದ ಸೀಟನ್ನು ಫೋನಿನಲ್ಲಿ ಎರಡು ದಿನ ಮೊದಲೇ ಆರಿಸಿಕೊಳ್ಳಬಹುದು ಎಂದು ನನ್ನ ಶಾಲೆಯ ಟೀಚರೊಬ್ಬರು ಹೇಳಿದ್ದರು. ಅದನ್ನು ಹೇಳಿದರೆ ಇವರು ಮುಸಿಮುಸಿ ನಕ್ಕರು.

"ನನಗ ಸೀಟಿನ ವಿಷಯ ಹೇಳಬ್ಯಾಡ. ಚಾರ್ಟ್ ಆಗೋತನಕ ಛಲೋ ಸೀಟು ಯಾರೂ ಹೊರಗ ಬಿಡಂಗಿಲ್ಲ. ಕೋಟಾದ್ದು ಎಲ್ಲಾ ಕಡೀಕ ಬಿಡ್ತಾರ. ಆವಾಗ ತಗೊಂಡ್ರ ಇಬ್ಬರಿಗೂ ಬರೋಬರ್ ಒಂದ ಕಡೆ ಬರ್ತೈತಿ."

ಇಪ್ಪತ್ತೆರಡು ವರ್ಷ ಊರಿನವರಿಗೆಲ್ಲ ಬರ್ತ್ ಹುಡುಕಿಕೊಟ್ಟ ಮನುಷ್ಯ. ಕೆಳಗಿನ ಬರ್ತ್ ಬೇಕೆಂದು ನಿಮ್ಮಲ್ಲೂ ಎಷ್ಟೋ ಜನ ಅವರಿಗೆ ಫೋನು ಮಾಡಿದ್ದೀರಿ. ನಂಬಿದೆ. ಹೊರಡಲು ನಾಲ್ಕು ತಾಸು ಇರುವಾಗ ಅವರು ಕನ್ನಡಕ ಹಾಕಿಕೊಂಡು ಫೋನು ತೆರೆದರು. ಎರಡೇ ಸೀಟು ಉಳಿದಿದ್ದವು. ಎಂಟನೇ ಸಾಲಿನಲ್ಲಿ ನಡುವಿನದೊಂದು, ಹತ್ತೊಂಬತ್ತನೇ ಸಾಲಿನಲ್ಲಿ ನಡುವಿನದೊಂದು. ಫೋನನ್ನು ಅಲುಗಾಡಿಸಿ ಮತ್ತೆ ನೋಡಿದರು. ಅಷ್ಟೇ ಇದ್ದವು.

"ಹತ್ತಿದ ಮ್ಯಾಲ ಅಡ್ಜಸ್ಟ್ ಆಗ್ತೈತಿ" ಅಂದರು, ನನ್ನ ಮುಖ ನೋಡದೆ.

ಏರ್‌ಪೋರ್ಟಿನ ಕೌಂಟರಿನ ಹುಡುಗಿ ಒಳ್ಳೆಯವಳೇ. ವಿಮಾನ ಪೂರ್ತಿ ತುಂಬಿದೆ, ಒಳಗೆ ಯಾರಾದರೂ ಒಪ್ಪಿದರೆ ಬದಲಾಯಿಸಿಕೊಡುತ್ತಾರೆ ಎಂದಳು. ಇವರು ಗಾಜಿನ ಆಚೆ ನಿಂತು ಕೈ ಬೀಸಿದರು. ಗೌರಿಯೂ ಬೀಸಿದಳು, ಬಸ್ಸಿನಲ್ಲಿ ಹೋಗುವ ಅಪರಿಚಿತರಿಗೆ ಬೀಸುವ ಹಾಗೆ.

ವಿಮಾನದೊಳಗೆ ಎಂಟನೇ ಸಾಲಿನಲ್ಲಿ ಒಂದು ಕಂಪನಿಯ ಇಬ್ಬರು ಗಂಡಸರು ಕೂತಿದ್ದರು. ಕಿಟಕಿಯವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದ. ದಾರಿಯ ಬದಿಯವನಿಗೆ ಸೀಟು ಬದಲಿಸಿಕೊಳ್ಳಿ ಎಂದು ಕೇಳಿದೆ. ಹಿಂದಿನ ನಡುವಿನ ಸೀಟು ಎಂದು ಕೇಳಿ ಅವನ ಮುಖ ಸಣ್ಣದಾಯಿತು, "ಸಾರಿ" ಅಂದ. ಗೌರಿಯನ್ನು ಅಲ್ಲೇ ನಡುವೆ ಕೂಡಿಸಿ ಹತ್ತೊಂಬತ್ತಕ್ಕೆ ಬಂದರೆ ಈ ಬದಿಯಲ್ಲಿ ಮೊಣಕಾಲು ನೋವಿನ ಒಬ್ಬ ಮರಾಠಿ ಅಜ್ಜಿ, ಅವರನ್ನು ಏಳಿಸುವ ಪ್ರಶ್ನೆಯೇ ಇಲ್ಲ. ಕಿಟಕಿಯಲ್ಲಿ ಐವತ್ತರ ಒಬ್ಬ ಗೃಹಸ್ಥ, ನಾಗಪುರದ ವಾಡಿಯಲ್ಲಿ ಗೋದಾಮು ಇರುವವರಂತೆ, ಫೋನಿನಲ್ಲಿ ಟ್ರಕ್ಕಿನ ಲೋಡಿನ ಮಾತು ಮುಗಿಸುತ್ತಿದ್ದರು. ಹಿಂದಿಯಲ್ಲಿ ಕೇಳಿಕೊಂಡೆ. ಕಿಟಕಿ ಬೇಕೆಂದೇ ತಿಂಗಳ ಮೊದಲು ತೆಗೆದುಕೊಂಡದ್ದು, ನಡುವೆ ಕೂತರೆ ಉಸಿರು ಕಟ್ಟುತ್ತದೆ ಅಂದರು. ಎರಡನೇ ಸಲ ಕೇಳಿದೆ. ಮೂರನೇ ಸಲವೂ ಕೇಳಿದೆ, ನನ್ನ ನಾಲಿಗೆ ಎಂಥದೆಂದು ನಿಮಗೆ ಗೊತ್ತು. ಅವರು ಮುಂದೆ ಬಗ್ಗಿ ಎಂಟನೇ ಸಾಲಿನತ್ತ ನೋಡಿ ಹೇಳಿದರು:

"ಬಹನ್‌ಜಿ, ಬಚ್ಚಿ ತೋ ಆರಾಮ್ ಸೇ ಬೈಠೀ ಹೈ."

ನಿಜವೇ. ಮಗು ಆರಾಮಾಗಿ ಕೂತಿತ್ತು. ಆ ಇಬ್ಬರು ಗಂಡಸರ ನಡುವೆ ಕೈ ಕಟ್ಟಿಕೊಂಡು, ಕಾಲು ನೆಲಕ್ಕೆ ಮುಟ್ಟದೆ. ಈ ಬದಿಯವನು ಬೆಲ್ಟು ಹಾಕಲು ಬಗ್ಗಿದಾಗ ಅವಳು ಕೈ ಮೇಲೆತ್ತಿ ಸಹಕರಿಸಿದಳು. ಗಗನಸಖಿ ನನ್ನ ಹತ್ತಿರ ಬಂದು, ಎಲ್ಲರೂ ಕೂತ ಮೇಲೆ ಇನ್ನೊಮ್ಮೆ ಕೇಳಿ ನೋಡುತ್ತೇನೆ, ನೀವು ಈಗ ಕೂತುಕೊಳ್ಳಿ, ನಿಮ್ಮ ಮಗು ತುಂಬ ಜಾಣೆ, ಅವಳಿಗೇನೂ ತೊಂದರೆಯಾಗಿಲ್ಲ ಎಂದಳು. ತೊಂದರೆಯಾಗಿಲ್ಲ ಎಂಬುದೇ ನನ್ನ ತೊಂದರೆ ಎಂದು ಆ ಹುಡುಗಿಗೆ ಹೇಗೆ ಹೇಳುವುದು? ಅಳುವ ಮಗುವಾಗಿದ್ದರೆ ಇಡೀ ವಿಮಾನ ಎದ್ದು ಜಾಗ ಮಾಡಿಕೊಡುತ್ತಿತ್ತು. ನನ್ನ ಪರವಾಗಿ ಅಳುವವರು ಅಲ್ಲಿ ಯಾರೂ ಇರಲಿಲ್ಲ.

ನಡುವಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದೆ. ಸಹಸ್ರನಾಮ ನೆನಪಾಗಲಿಲ್ಲ, ಜಗಳ ನೆನಪಾಯಿತು. ತಾಯಿಯೊಂದಿಗೆ ಜಗಳಕ್ಕೇ ನಿಂತೆ. "ಹದಿನೇಳು ವರ್ಷ ಕಾಯಿಸಿದಿ, ಕಾದೆ. ಕೊಟ್ಟಿ, ಖರೇ. ಆದ್ರ ಇದು ಎಂಥಾ ಕೊಡೋದು? ಎಂಟು ತಿಂಗಳಾತು, ಇನ್ನೂ ಪರರ ಕೂಸಿನ ಹಂಗ ದೂರ ಇಟ್ಟೀದಿ. ನಾಳೆ ನಿನ್ನ ಮುಂದ ಯಾರನ್ನ ತೊಡಿ ಮ್ಯಾಲ ಕೂಡಿಸ್ಕೊಳ್ಳಲಿ? ಈ ಎರಡು ತಾಸರ ನನ್ನ ಬಾಜೂಕ ಕೂಡಸು. ಕಿಟಕಿಯವರನ್ನ ಎಬ್ಬಿಸು. ಇದೊಂದು ಆಗಲಿಲ್ಲಂದ್ರ ನಾ ನಿನ್ನ ಬಾಗಿಲಿಗೆ ಬಂದು ಸುಮ್ಮನ ತಿರುಗಿ ಹೋಗಾಕಿ, ಒಳಗ ಬರಂಗಿಲ್ಲ." ಹಾಗೆ ಅಂದದ್ದು ತಪ್ಪೇ. ತಾಯಿಗೆ ಅಂದೆ, ನಿಮಗೂ ಹೇಳುತ್ತಿದ್ದೇನೆ.

ಕಣ್ಣು ತೆರೆದೆ. ಕಿಟಕಿಯವರು ಎದ್ದಿರಲಿಲ್ಲ. ಬಾಗಿಲು ಹಾಕಿದರು. ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ವಿಮಾನದ ಸ್ಪೀಕರಿನಲ್ಲಿ ಟಿಂಗ್-ಟಾಂಗ್ ಅಂದಿತು.

ಸ್ಟೇಶನ್ನಿನ ಅದೇ ಸದ್ದು. ವಿಮಾನದಲ್ಲೂ ಅದು ಇರುತ್ತದೆ ಎಂದು ನಮಗೆ ಯಾರು ಹೇಳಬೇಕು? ಬೆಲ್ಟು ಬಿಚ್ಚಲು ಹೋದೆ, ಹೇಗೆ ಬಿಚ್ಚುವುದೆಂದೇ ತಿಳಿಯಲಿಲ್ಲ. ಮುಂದೆ ಯಾರೋ "ಅರೇ ಅರೇ" ಅಂದರು. ಅಲ್ಲಿ ಹಿಡಿದುಕೊಳ್ಳಲು ಏನೇನಿತ್ತೋ, ಸೀಟಿನ ಬೆನ್ನು, ಕಂಬ, ಪರದೆ, ಅದನ್ನೇ ಹಿಡಿದಿರುತ್ತಾಳೆ ಎಂದು ಅಜ್ಜಿಯ ತಲೆಯ ಮೇಲಿಂದ ಇಣುಕಿದೆ.

ಅವಳು ಏನನ್ನೂ ಹಿಡಿದಿರಲಿಲ್ಲ. ಬೆಲ್ಟಿನಡಿಯಿಂದ ಹೇಗೆ ನುಸುಳಿದಳೋ, ಸಾಲುಗಳ ನಡುವಿನ ದಾರಿಯಲ್ಲಿ ಓಡಿ ಬರುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗಗನಸಖಿ ಹಿಂದಿನಿಂದ ಬರುತ್ತಿದ್ದಳು. ಗೌರಿ ಪ್ರತಿ ಸಾಲಿನಲ್ಲೂ ನಿಂತು ಮುಖ ನೋಡಿ, ಅಲ್ಲ ಎಂದು ಮುಂದೆ ಬರುತ್ತಿದ್ದಳು. ನನ್ನ ಸಾಲಿಗೆ ಬಂದು ನನ್ನನ್ನು ನೋಡಿದಳು. ಅಜ್ಜಿಯ ನೋಯುವ ಮೊಣಕಾಲುಗಳನ್ನು ತಳ್ಳಿ ಒಳಗೆ ನುಗ್ಗಿ ನನ್ನ ಸೀರೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಕಿಟಕಿಯವರತ್ತ ತಿರುಗಿ, ನಮ್ಮ ಮನೆಯಲ್ಲಿ ಯಾವತ್ತೂ ಎತ್ತದ ದನಿಯಲ್ಲಿ ಹೇಳಿದಳು:

"ಕಾಕಾ, ಉಠಾ. ಹೀ ಮಾಝೀ ಆಯೀ ಆಹೇ."

ಕಾಕಾ, ಏಳಿ, ಇವಳು ನನ್ನ ತಾಯಿ.

ನಾನು ಮೂರು ಸಲ ಬೇಡಿದಾಗ ಏಳದ ಮನುಷ್ಯ ಎದ್ದರು. ಫೋನು, ಕನ್ನಡಕದ ಡಬ್ಬಿ ಜೇಬಿಗೆ ಹಾಕಿಕೊಂಡರು. "ಬಸ್ ಬೇಟಾ, ತೂ ಬಸ್" ಎಂದು ಮರಾಠಿಯಲ್ಲಿ ಕೂತುಕೊಳ್ಳಲು ಹೇಳಿ, ಅವಳು ಬಿಟ್ಟುಬಂದ ನಡುವಿನ ಸೀಟಿಗೆ ಹೋದರು, ಆ ಉಸಿರು ಕಟ್ಟುವ ಸೀಟಿಗೆ. ಹೋಗುವ ಮುಂಚೆ ನನಗೆ ಕೈ ಮುಗಿದರು. ನಾನು ಮುಗಿಯಬೇಕಾಗಿತ್ತು, ನನ್ನ ಕೈ ಖಾಲಿ ಇರಲಿಲ್ಲ. ಅವರು ಯಾರೋ, ಹೆಸರು ಕೂಡ ಕೇಳಲಾಗಲಿಲ್ಲ. ಅವರ ಗೋದಾಮು ಸದಾ ತುಂಬಿರಲಿ.

ಅವ್ವ ಅನ್ನಲಿ ಎಂದು ನಾನು ಎಂಟು ತಿಂಗಳು ಕಾದಿದ್ದೆ. ನಮ್ಮ ಊರಿನ ಕಡೆ ಆಯಿ ಅಂದರೆ ಅಜ್ಜಿ. ಆಗಲಿ, ತಾಯಿ ಕೊಟ್ಟದ್ದನ್ನು ಭಾಷೆ ನೋಡಿ ತೆಗೆದುಕೊಳ್ಳುವುದುಂಟೇ? ವಿಮಾನ ಏರುವಾಗ ಅವಳು ಕಿಟಕಿಯನ್ನು ನೋಡಲೇ ಇಲ್ಲ. ನನ್ನ ತೋಳಿಗೆ ಮುಖ ಒತ್ತಿಕೊಂಡಿದ್ದಳು. ಬೆಂಗಳೂರು ಬರುವವರೆಗೆ ನನ್ನ ತೋಳು ಜೋಮು ಹಿಡಿದಿತ್ತು, ನಾನು ಅಲುಗಾಡಿಸಲಿಲ್ಲ. ಬಾಜೂಕಿನ ಅಜ್ಜಿ ಅಷ್ಟು ಹೊತ್ತೂ ಮೊಣಕಾಲು ತಿಕ್ಕಿಕೊಳ್ಳುತ್ತ ನನ್ನ ಜೊತೆ ಅತ್ತರು.

ಇಳಿದ ಮೇಲೆ ಇವರ ಫೋನು ಬಂತು. "ಸೀಟು ಏನಾತು?" ಎಂದರು, ತಪ್ಪು ಮಾಡಿದವರ ದನಿಯಲ್ಲಿ. "ಕನ್ಫರ್ಮ್ ಆತು" ಅಂದೆ.

ಶುಕ್ರವಾರ ಮಧ್ಯಾಹ್ನ ಬನಶಂಕರಿಯಲ್ಲಿ ಜನ ಕಡಿಮೆ ಇದ್ದರು. ನಾನು ಬಾಗಿಲಲ್ಲಿ ಒಂದು ಕ್ಷಣ ನಿಂತು, ವಿಮಾನದಲ್ಲಿ ಆಡಿದ ಮಾತಿಗೆ ಗಲ್ಲ ಬಡಿದುಕೊಂಡೆ. ಕೂತ ಕೂಡಲೇ ಗೌರಿ ತಾನಾಗಿ ಬಂದು ತೊಡೆಯ ಮೇಲೆ ಕೂತಳು. ನನ್ನ ಉಡಿಯಲ್ಲಿ ಅಕ್ಕಿ ಬಿದ್ದಾಗ ಅದನ್ನು ಕೈಯಾಡಿಸಿ ನೋಡಿದಳು. ತಾಯಿಯ ಮುಖ ನೋಡಿದೆ. ನಾನು ಸೀಟು ಕೇಳಿದ್ದೆ, ಅವಳು ಕಿಟಕಿಯವರನ್ನು ಎಬ್ಬಿಸುವ ಮೊದಲು ನನ್ನ ಮಗಳನ್ನು ಎಬ್ಬಿಸಿದ್ದಳು, ಅದೂ ಯಾವ ಸದ್ದಿಗೆ ಆ ಜೀವ ನಡುಗುತ್ತಿತ್ತೋ ಅದೇ ಸದ್ದಿನಿಂದ. ಇಷ್ಟು ನನ್ನ ಕಣ್ಣಾರೆ ಕಂಡದ್ದು, ಇದರ ಮೇಲೆ ನನ್ನೊಡನೆ ವಾದಕ್ಕೆ ಬರಬೇಡಿ.

ಮರಳಿ ಬರುವಾಗಿನ ಸೀಟನ್ನು ಇವರು ಚೆಕ್-ಇನ್ ತೆರೆದ ನಿಮಿಷಕ್ಕೇ ಅಕ್ಕಪಕ್ಕ ಹಿಡಿದಿಟ್ಟಿದ್ದರು. ನಾಗಪುರದಲ್ಲಿ ನಮ್ಮನ್ನು ಕರೆದೊಯ್ಯಲು ಬಂದರು. ಗೌರಿ ಅವರಿಗೆ ಪ್ರಸಾದ ಕೊಟ್ಟು "ಘ್ಯಾ ಕಾಕಾ" ಅಂದಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು ನನ್ನತ್ತ ನೋಡಿ ಮೆಲ್ಲಗೆ ನಕ್ಕರು. "ನಂದು ಇನ್ನೂ ವೇಟಿಂಗ್ ಲಿಸ್ಟ್ ಐತಿ." ಅಕ್ಕತಂಗಿಯರೇ, ಮುಂದಿನ ಶುಕ್ರವಾರದ ಆರತಿಯಲ್ಲಿ ಅವರ ಹೆಸರನ್ನೂ ತಾಯಿಯ ಕಿವಿಗೆ ಹಾಕಿ.

ಏರ್‌ಪೋರ್ಟಿನಿಂದ ಬಜಾಜ್ ನಗರಕ್ಕೆ ಆಟೋ ಹಿಡಿದೆವು. ಅವರು ಆ ಬದಿ, ನಾನು ಈ ಬದಿ, ನಡುವೆ ಗೌರಿ. ಅಲ್ಲಿ ಅವಳ ಜಾಗ ಕೇಳುವವರು ಯಾರೂ ಇರಲಿಲ್ಲ. ಆದರೂ ಅವಳು ಮುಂದೆ ಬಗ್ಗಿ ಆಟೋದವನ ಬೆನ್ನು ತಟ್ಟಿ ಹೇಳಿದಳು:

"ಕಾಕಾ, ಹೀ ಮಾಝೀ ಆಯೀ ಆಹೇ."

"ಬರೋಬರ್" ಎಂದು ಅವನು ಗಾಡಿ ಶುರು ಮಾಡಿದ.