ಹೊಳಿಯಮ್ಮನ ದೊಣೆಯ ನೀರು

ನನ್ನ ದೊಡ್ಡಮ್ಮ ಹೊಳಿಯಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಕಿರಾಣಿ ಅಂಗಡಿಯ ಸಕ್ಕರೆಯನ್ನು ಮನೆಗೆ ತಂದು ತನ್ನ ಪಾವಿನಲ್ಲಿ ಇನ್ನೊಮ್ಮೆ ಅಳೆಯುತ್ತಾಳೆ. ನಾನು ಚಹಾ ಕೊಟ್ಟರೂ ಮೊದಲು ಮೂಸಿ ನೋಡುತ್ತಾಳೆ. ಇಂಥವಳ ಜೊತೆ ಒಂದೇ ಮನೆಯಲ್ಲಿ ಬಾಳುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಬೇಕು.

ಅವಳ ಜೀವವೆಲ್ಲ ಹದಿನಾಲ್ಕು ಆಡುಗಳ ಮೇಲೆ. ದಿನವೂ ಊರ ಹಿಂದಿನ ಗುಡ್ಡ ಹತ್ತಿಸಿ ಮೇಯಿಸುತ್ತಾಳೆ. ಮೇಲೆ ಬಂಡೆಗಳ ನಡುವೆ ಮಳೆನೀರು ನಿಲ್ಲುವ ಎರಡು ಹೊಂಡಗಳಿವೆ, ದೊಣೆ ಎನ್ನುತ್ತೇವೆ. ಮೂಡಣದ್ದು ದೊಡ್ಡಮ್ಮನದು, ಪಡುವಣದ್ದು ಕುರಿ ಕಾಯುವ ಮುದಿಯಪ್ಪನದು. ಯಾರೂ ಬರೆದುಕೊಟ್ಟಿದ್ದಲ್ಲ, ಮೂವತ್ತು ವರ್ಷದ ರೂಢಿ.

ಈ ಸಲ ಏಪ್ರಿಲ್ ಕೊನೆಗೆ ಮೂರು ಸಂಜೆ ಅಡ್ಡಮಳೆ ಹೊಡೆಯಿತು. ಗುಡುಗಿಗೆ ಮನೆಯ ತಗಡು ನಡುಗಿತು, ಆಲಿಕಲ್ಲು ಬಿತ್ತು, ದೊಣೆಗಳು ತುಂಬಿ ಚೆಲ್ಲಿದವು. ಇನ್ನು ಮುಂಗಾರಿನ ತನಕ ಚಿಂತೆಯಿಲ್ಲ ಎಂದು ದೊಡ್ಡಮ್ಮ ಹಿಗ್ಗಿದಳು. ನಾಲ್ಕನೆಯ ದಿನ ಹುಡುಕಿದರೂ ಒಂದು ಮೋಡವಿಲ್ಲ. ಬಿಸಿಲು ನಲವತ್ತೆರಡು ದಾಟಿತು. ಮೇವು ಇರುವುದು ಗುಡ್ಡದ ಮೇಲೆ ಮಾತ್ರ. ಗಬ್ಬದ ಆಡುಗಳೆರಡನ್ನು ನೀರಿಗೆಂದು ನಡುಹಗಲು ಊರಿಗೆ ಇಳಿಸಿ ಹತ್ತಿಸಿದರೆ ಅವು ಉಳಿಯುವುದಿಲ್ಲ. ದೊಣೆ ಬತ್ತಿದರೆ ಅವಳ ಕಥೆ ಮುಗಿದಂತೆ.

ದೊಣೆ ಇಳಿಯತೊಡಗಿತು. ಬೆಳಿಗ್ಗೆ ಆಡುಗಳು ಕುಡಿದ ಮೇಲೆ ಎಲೆಯಡಿಕೆಯ ಸುಣ್ಣದಿಂದ ನೀರಿನಂಚಿಗೆ ಗೆರೆ ಎಳೆದಳು. ಹಗಲೆಲ್ಲ ಗುಡ್ಡದ ಆಚೆ ಬದಿ ಮೇಯಿಸಿ ಸಂಜೆ ಬಂದು ನೋಡಿದರೆ ನೀರು ಗೆರೆಗಿಂತ ಒಂದು ಬೆರಳು ಕೆಳಗೆ! ಮರುದಿನ ಬೆಳಿಗ್ಗೆ ಹೋದರೆ ದೊಣೆಯ ಮೇಲೆಲ್ಲ ಗುಡ್ಡದಲ್ಲಿ ಬೆಳೆಯುವ ಬಂದರಿಕೆ ಗಿಡದ ಸೊಪ್ಪಿನ ಟೊಂಗೆಗಳು. ಹಗಲು ಗುಡ್ಡದ ಮೇಲಿರುವವನು, ಸಂಜೆ ಅವಳು ಇಳಿದ ಮೇಲೂ ಆ ದಾರಿಯಲ್ಲಿ ಬರುವವನು ಮುದಿಯಪ್ಪನೊಬ್ಬನೇ.

"ನೋಡಿದೇನವಾ ಗೀತಾ! ಅವನ ದೊಣಿ ಬತ್ತೈತಿ, ನನ್ನ ನೀರು ಕದಿಯಾಕ ಹತ್ಯಾನ. ನನಗ ಗೊತ್ತಾಗಬಾರದಂತ ಮ್ಯಾಲೆ ಸೊಪ್ಪು ತಪ್ಪಲಾ ಮುಚ್ಚ್ಯಾನ."

"ಕೇಳಬೇಕಿಲ್ಲೇನು ಅವನ್ನ?"

"ಕಳ್ಳ ಅಂದರ ಹೂಂ ಅಂತಾನೇನು?"

ಮುದಿಯಪ್ಪನ ಜೊತೆ ಮಾತು ಬಿಟ್ಟಳು. ಅವನೋ ಮೊದಲೇ ಮೂಗಬಸವ, ಏಕೆಂದು ಕೇಳಲಿಲ್ಲ. ದಿನಾ ಬೆಳಿಗ್ಗೆ ಸೊಪ್ಪು ಇರುತ್ತಿತ್ತು, ದಿನಾ ಇವಳು ಕಿತ್ತೆಸೆಯುತ್ತಿದ್ದಳು. ಆಮೇಲೆ ಟೊಂಗೆಗಳ ಮೇಲೆ ಕಲ್ಲೂ ಬಂದವು. ಆಗಂತೂ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಟೊಂಗೆಗಳನ್ನು ಹೊರೆಕಟ್ಟಿ ಮನೆಗೆ ತಂದು ಒಲೆಗೆ ಹಾಕಿದಳು. ಅದೇ ಉರಿಯಲ್ಲಿ ಬೆಂದ ರೊಟ್ಟಿಯನ್ನು ನಾನೂ ತಿಂದೆ.

ಸೊಪ್ಪು ಕಾಣತೊಡಗಿದ ಹತ್ತನೆಯ ದಿನ ಮುದಿಯಪ್ಪ ಗಂಗಾವತಿ ಕಡೆಯ ಕೊಯ್ಲಾದ ಗದ್ದೆಗಳಿಗೆ ಕುರಿ ಹೊಡೆದುಕೊಂಡು ಹೋದ. ಸೊಪ್ಪು ನಿಂತಿತು. ನೀರು ಇಳಿಯುವುದು ಮಾತ್ರ ನಿಲ್ಲಲಿಲ್ಲ. ಮತ್ತೊಬ್ಬ ಕಳ್ಳನಿದ್ದಾನೆಂದು ದೊಡ್ಡಮ್ಮ ನನ್ನನ್ನೂ ಎಳೆದುಕೊಂಡು ಹೋಗಿ ಬಂಡೆಯ ಮರೆಯಲ್ಲಿ ಕೂರಿಸಿದಳು. ಮಧ್ಯಾಹ್ನ ಮೂರರವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಬೆಳಗಿನ ಸುಣ್ಣದ ಗೆರೆಯ ಕೆಳಗೆ ಒದ್ದೆ ಬಂಡೆ ನಮ್ಮ ಕಣ್ಣೆದುರೇ ಒಣಗುತ್ತಿತ್ತು.

"ದೊಡ್ಡವ್ವಾ, ಬಿಸಿಲು ಕುಡಿಯಾಕ ಹತ್ತೈತಿ" ಎಂದೆ.

ಅವಳು ಎದ್ದು ಪಡುವಣಕ್ಕೆ ನಡೆದಳು. ಮುದಿಯಪ್ಪನ ದೊಣೆಯ ಮೇಲೂ ಬಂದರಿಕೆ ಸೊಪ್ಪು, ಅದರ ಮೇಲೆ ಕಲ್ಲು. ಒಂದು ಟೊಂಗೆ ಎತ್ತಿ ಕೈಯಿಟ್ಟಳು. ಮೊಣಕೈವರೆಗೆ ನೀರು, ತಣ್ಣಗೆ. ನೀರಿನ ವಾಸನೆಗೆ ಹಿಂದೆಯೇ ಬಂದಿದ್ದ ಆಡುಗಳು ಅವಳನ್ನು ನೂಕುತ್ತಿದ್ದವು. ಒಂದು ಕೈಯಲ್ಲಿ ಅವನ್ನು ತಡೆದು, "ಫೋನ್ ಹಚ್ಚು ಅವಗ" ಎಂದಳು. ಅವಳಿಗೆ ಅಷ್ಟು ನಾಚಿಕೆಯಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಮುದಿಯಪ್ಪಾ, ನನ್ನ ದೊಣಿ ತಳ ಕಂಡೈತಿ. ನಿನ್ನ ದೊಣ್ಯಾಗ ಆಡು ಬಿಡ್ಲೇನು?"

"ಬಿಡು ಯಕ್ಕಾ, ಅದೇನ ಕೇಳತಿ. ಕುಡದ ಮ್ಯಾಲೆ ತಪ್ಪಲಾ ಮತ್ತ ಮುಚ್ಚು, ಅಷ್ಟ. ನಿಂದೂ ದಿನಾ ಮುಚ್ಚಿ ಬರ್ತಿದ್ನಿ. ಹಾಳಾದ ಮಂಗ್ಯಾಗಳು ಕಿತ್ತು ಒಗಿತಿದ್ವು. ಕಲ್ಲು ಹೇರಿದ್ರೂ ಬಿಡಲಿಲ್ಲ ನೋಡು."

ದೊಡ್ಡಮ್ಮ ಆಡುಗಳನ್ನು ತಡೆದಿದ್ದ ಕೈ ಬಿಟ್ಟಳು. ಅವು ನುಗ್ಗಿ ಕುಡಿಯತೊಡಗಿದವು.

"ಮಂಗ್ಯಾ ಅಲ್ಲೋ ಮುದಿಯಪ್ಪಾ" ಎಂದಳು. "ನಾನು."